ಸೋಮವಾರ ತೆಗೆದ ರಕ್ತ

ಆ ಕಾಗದಕ್ಕೆ ಒಂಬೈನೂರು ರೂಪಾಯಿ ಬಿತ್ತು. ಕುದುರೆಯ ರಕ್ತ ತೆಗೆಯಲು ಬರುತ್ತಿದ್ದ ಮೇಡಂ ಹೇಳಿದ್ದು ಸಾವಿರದ ಇನ್ನೂರು, ನಾನು ಚೌಕಾಶಿ ಮಾಡಿ ಇಳಿಸಿದೆ. ಮೈಸೂರಿನ ಲ್ಯಾಬಿನವರು ಒಂದು ರೂಪಾಯಿ ಬಿಡುವವರಲ್ಲ ಎಂದು ನನಗೆ ಗೊತ್ತಿತ್ತು. ಬಿಟ್ಟ ಮುನ್ನೂರು ಮೇಡಂ ಅವರ ಸ್ವಂತ ಕೂಲಿ, ಬಸ್ ಚಾರ್ಜು, ಐಸಿನ ಖರ್ಚು. ಕುದುರೆಯ ರಕ್ತ ಪರೀಕ್ಷೆ ಆಗಲೇಬೇಕೆಂದು ಹಟ ಹಿಡಿದವನು ಕೊಳ್ಳುವವನು. ಆದರೂ ಮಾರುವವನಾದ ನಾನೇ ಮುಂದೆ ಬಿದ್ದು ಹಣ ಕೊಟ್ಟೆ. ಯಾಕೆಂದರೆ ಮೇಡಂ ಅವರದು ಒಂದು ನಿಯಮವಿತ್ತು: ಪರೀಕ್ಷೆಗೆ ಯಾರು ಹಣ ಕೊಟ್ಟರೋ ರಿಪೋರ್ಟು ಅವರ ಕೈಗೆ ಮಾತ್ರ. ಆ ಒಂಬೈನೂರಕ್ಕೆ ರಿಪೋರ್ಟು ನನ್ನದಾಯಿತು, ಅದನ್ನು ಯಾರಿಗೂ ತೋರಿಸದೆ ಇಟ್ಟುಕೊಳ್ಳುವ ಹಕ್ಕೂ ನನ್ನದಾಯಿತು. ಏಳು ವರ್ಷ ಇಟ್ಟುಕೊಂಡೆ.

ಹೋದ ತಿಂಗಳು ಮೇಡಂ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ನಾನು ಮಾಡಿದ್ದು ಸಾಕು.

ನನ್ನದು ನಂಜನಗೂಡಿನಲ್ಲಿ ಕುದುರೆ ವ್ಯಾಪಾರ. ನಮ್ಮಪ್ಪ ಜಟಕಾ ಹೊಡೆಯುತ್ತಿದ್ದರು. ಗಾಡಿಯೂ ಬಾಡಿಗೆಯದು, ಕುದುರೆಯೂ ಬಾಡಿಗೆಯದು. ನಾನು ಇನ್ನೊಬ್ಬರ ಲಾಯದಲ್ಲಿ ಲದ್ದಿ ಬಾಚುತ್ತ ಶುರು ಮಾಡಿ ಎಂಟು ಕುದುರೆ ಕಟ್ಟುವ ಸ್ವಂತ ಲಾಯದವರೆಗೆ ಬಂದೆ. ಮೈಸೂರಿನಲ್ಲಿ ರೇಸು ಓಡಿ ಮುಗಿದ ಕುದುರೆಗಳನ್ನು ತರುತ್ತೇನೆ, ಮೈ ತುಂಬಿಸುತ್ತೇನೆ, ಮದುವೆ ಮೆರವಣಿಗೆಯವರಿಗೆ, ಸವಾರಿ ಕಲಿಸುವವರಿಗೆ, ತಿ. ನರಸೀಪುರದ ಕಡೆಯ ಗಾಡಿ ಓಟದವರಿಗೆ ಮಾರುತ್ತೇನೆ. ಕುದುರೆಯ ಹಲ್ಲು ನೋಡಿ ವಯಸ್ಸು ಹೇಳಬಲ್ಲೆ, ಕೊಳ್ಳುವವನ ಚಪ್ಪಲಿ ನೋಡಿ ಬೆಲೆ ಹೇಳಬಲ್ಲೆ. ಒಳಗಿನ ರಕ್ತ ನೋಡುವುದು ಮಾತ್ರ ನನಗೆ ಗೊತ್ತಿರಲಿಲ್ಲ. ಅದಕ್ಕೆ ಮೇಡಂ ಇದ್ದರು.

ಮೇಡಂ ಡಾಕ್ಟರಲ್ಲ. ಯಾರಾದರೂ ಡಾಕ್ಟ್ರೇ ಎಂದರೆ ಮಾತು ಮುಂದಕ್ಕೆ ಹೋಗುವ ಮೊದಲೇ ತಿದ್ದುತ್ತಿದ್ದರು. ಮೈಸೂರಿನಲ್ಲಿ ರೇಸು ಕುದುರೆಗಳ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸದಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಇದ್ದು, ಅದನ್ನು ಬಿಟ್ಟ ಮೇಲೆ ನಂಜನಗೂಡಿನಲ್ಲಿ ಅಣ್ಣನ ಮನೆಗೆ ಬಂದವರು. ಮದುವೆಯಾಗಿರಲಿಲ್ಲ. ಕುಳ್ಳಗೆ, ಗಟ್ಟಿಮುಟ್ಟಾಗಿ ಇದ್ದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಲಾಯದೊಳಗೆ ಬಂದರೆ ಕಚ್ಚುವ ಕುದುರೆಯೂ ಕಿವಿ ಮುಂದೆ ಮಾಡಿ ನಿಲ್ಲುತ್ತಿತ್ತು. ಯಾವತ್ತೂ ಎಡಗಡೆಯಿಂದಲೇ ಹೋಗುವುದು. ಮೊದಲು ಬರಿ ಅಂಗೈಯನ್ನು ಕುತ್ತಿಗೆಯ ಮೇಲೆ ಇಟ್ಟು, ಕುದುರೆಯ ಉಸಿರಿಗೆ ತಮ್ಮ ಉಸಿರು ಸೇರುವವರೆಗೆ ಸುಮ್ಮನೆ ನಿಲ್ಲುವುದು. ಆಮೇಲೆ ಹೆಬ್ಬೆರಳಿನಲ್ಲಿ ನರ ಒತ್ತಿ ಸೂಜಿ. ಕುದುರೆಗೆ ಚುಚ್ಚಿದ್ದು ಗೊತ್ತಾಗುವಷ್ಟರಲ್ಲಿ ಹತ್ತಿ ಒತ್ತಿಯಾಗಿರುತ್ತಿತ್ತು.

ತೆಗೆದ ರಕ್ತದ ಟ್ಯೂಬನ್ನು ಅವರು ನೆಲಕ್ಕೆ ಇಟ್ಟದ್ದನ್ನು ನಾನು ಕಂಡಿಲ್ಲ. ಅಲುಗಾಡಿದರೆ ರಕ್ತ ಒಡೆದು ಲೆಕ್ಕ ತಪ್ಪುತ್ತದಂತೆ. ನರಸೀಪುರದ ರಸ್ತೆಯಲ್ಲಿ ಬಸ್ಸು ಹೇಗೆ ಕುಣಿಯುತ್ತದೆ ಎಂದು ಹೋದವರಿಗೆ ಗೊತ್ತು. ಐಸು ತುಂಬಿದ ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಟ್ಯೂಬುಗಳನ್ನು ನೆಟ್ಟಗೆ ನಿಲ್ಲಿಸಿ, ಆ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ಮೈಸೂರಿನವರೆಗೂ ಕೂತಿರುತ್ತಿದ್ದರು. ಒಮ್ಮೆ ಕಂಡಕ್ಟರು ಮಗುವೇನೋ ಅಂದುಕೊಂಡು ಸೀಟು ಬಿಡಿಸಿಕೊಟ್ಟನಂತೆ. ಇಳಿಯುವಾಗ ಫ್ಲಾಸ್ಕು ನೋಡಿ, "ಏನಮ್ಮ, ಟೀಗೆ ಇಷ್ಟೊಂದು ಉಪಚಾರವಾ?" ಎಂದನಂತೆ. ಇದನ್ನು ಹೇಳಿಕೊಂಡು ನಗುತ್ತಿದ್ದರು. ಅವರು ನಕ್ಕದ್ದು ನನಗೆ ಹೆಚ್ಚು ನೆನಪಿಲ್ಲ, ಅದಕ್ಕೆ ಬರೆದೆ.

ಕುದುರೆಯ ರಕ್ತದಲ್ಲಿ ಏನು ನೋಡುತ್ತೀರಿ ಎಂದು ಒಮ್ಮೆ ಕೇಳಿದೆ. ಅವರು ಹೇಳಿದ್ದನ್ನು ಇಲ್ಲಿ ಬರೆಯಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಸ್ನಾಯುವಿನೊಳಗೆ ಕೆಲವು ಪ್ರೋಟೀನುಗಳು ಇರುತ್ತವೆ. ಅವು ಅಲ್ಲೇ ಇರಬೇಕಾದವು. ಕುದುರೆ ಓಡಿ ಸ್ನಾಯು ದಣಿದಾಗ ಅವು ಸ್ವಲ್ಪ ರಕ್ತಕ್ಕೆ ಸೋರುತ್ತವೆ, ಸ್ನಾಯು ಒಡೆದಾಗ ತುಂಬ ಸೋರುತ್ತವೆ.

"ಹೊಸ ಸೀರೆ ನೆನೆಹಾಕಿದ್ರೆ ಬಣ್ಣ ಬಿಡಲ್ವಾ ಯಜಮಾನ್ರೇ, ಹಂಗೆ," ಎಂದರು. "ಹತ್ತು ಸಲ ಒಗೆದ ಸೀರೆ ಬಿಡಲ್ಲ. ದಿನಾ ಹದವಾಗಿ ಓಡಿದ ಕುದ್ರೆದೂ ಅಷ್ಟೆ, ಮೈಯಿ ಗಟ್ಟಿಯಾಗಿರ್ತದೆ, ಜಾಸ್ತಿ ಬಿಡಲ್ಲ. ಕಟ್ಟಿಹಾಕಿ ತಿನ್ನಿಸಿ ಒಂದೇ ಸಲ ಓಡಿಸಿದ್ರೆ ನೀರೆಲ್ಲ ಬಣ್ಣ."

ಸೋರುವುದರಲ್ಲಿ ಮುಖ್ಯವಾದವು ಎರಡು. ಒಂದರ ಹೆಸರು ಸಿ.ಕೆ. ಅದು ಪೆಟ್ಟು ಬಿದ್ದ ಕೆಲವೇ ಗಂಟೆಗಳಲ್ಲಿ ಏರಿ, ಕುದುರೆಗೆ ಮತ್ತೆ ಪೆಟ್ಟು ಬೀಳದಿದ್ದರೆ ನಾಲ್ಕಾರು ದಿನದಲ್ಲಿ ಇಳಿದುಬಿಡುತ್ತದೆ. ಇಷ್ಟು ಹೇಳುವಾಗ ನನ್ನ ಫೋನು ಬಂತು. ಗಿರಾಕಿ. ನಾನು ಎದ್ದು ಹೋದೆ. ಅವರು ಎರಡನೆಯದರ ಬಗ್ಗೆಯೂ ಹೇಳುತ್ತಲೇ ಇದ್ದರು, ನನ್ನ ಬೆನ್ನಿಗೆ. ನನಗೆ ಬೇಕಾದ್ದು ಸಿಕ್ಕಿತ್ತು: ನಾಲ್ಕಾರು ದಿನ ಕಾದರೆ ರಕ್ತ ತಿಳಿಯಾಗುತ್ತದೆ. ವ್ಯಾಪಾರದವನು ಅರ್ಧ ಮಾತು ಕೇಳಿ ಎದ್ದುಹೋಗಬಾರದು. ಆವತ್ತು ನಾನು ಹೋದೆ.

ಇನ್ನೊಂದು ಸಲದ್ದು. ಒಂದು ಗಂಡು ಕುದುರೆಯನ್ನು ಕವಲಂದೆಯವರೆಗೆ ಓಡಿಸಿ ತಂದು, ಬೆವರು ಆರುವ ಮುಂಚೆಯೇ ರಕ್ತ ತೆಗೆಸಿದೆ. ರಿಪೋರ್ಟಿನಲ್ಲಿ ಒಟ್ಟು ಪ್ರೋಟೀನು ಹೆಚ್ಚಾಗಿ ಬಂದಿತ್ತು. ನಾನು ಅದನ್ನೇ ಹಿಡಿದು, ನೋಡಿ ಪ್ರೋಟೀನು ಎಷ್ಟಿದೆ, ಕಬ್ಬಿಣದಂಥ ಕುದುರೆ ಎಂದು ಐದು ಸಾವಿರ ಹೆಚ್ಚಿಗೆ ಮಾಡಿ ಮಾರಿದೆ. ಮೇಡಂಗೆ ಹೇಗೋ ಗೊತ್ತಾಯಿತು. ಲಾಯಕ್ಕೆ ಬಂದು ನಿಂತರು.

"ಸಾರು ಕುದ್ದೂ ಕುದ್ದೂ ಗಟ್ಟಿಯಾದ್ರೆ ಬೇಳೆ ಜಾಸ್ತಿ ಹಾಕಿದ್ರು ಅಂತೀರಾ? ನೀರು ಹೋಗಿದೆ ಅಷ್ಟೆ. ಆ ಕುದ್ರೆಗೆ ಬೇಕಾಗಿದ್ದು ಎರಡು ಬಕೆಟ್ ನೀರು, ನೀವು ಬೆಲೆ ಕಟ್ಟಿದ್ರಿ."

ಅಂದಿನಿಂದ ಒಂದು ಹೊಸ ಪದ್ಧತಿ ಶುರು ಮಾಡಿದರು. ಲ್ಯಾಬಿನ ರಿಪೋರ್ಟು ಇಂಗ್ಲಿಷಿನಲ್ಲಿ ಇರುತ್ತದಲ್ಲ, ಅದರ ಕೆಳಗೆ ನೀಲಿ ಪೆನ್ನಿನಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದು ಸಹಿ ಹಾಕುವುದು. ಯಾವ ದಿನ, ಎಷ್ಟು ಗಂಟೆಗೆ ತೆಗೆದದ್ದು, ನಿಂತ ಕುದುರೆಯದೋ ಓಡಿದ ಕುದುರೆಯದೋ. ನನ್ನಂಥವರಿಗೆ ಬೇಲಿ ಹಾಕಲು ಬರೆದ ಸಾಲು ಅದು.

ಹಣ ಕೊಟ್ಟವರಿಗೆ ಮಾತ್ರ ರಿಪೋರ್ಟು ಎಂಬ ನಿಯಮವನ್ನು ಆಗೆಲ್ಲ ನಾನೇ ಹೊಗಳುತ್ತಿದ್ದೆ. ನನ್ನ ಪೈಪೋಟಿಯ ವ್ಯಾಪಾರಿಯೊಬ್ಬ ಮೇಡಂ ಮನೆಗೆ ಹೋಗಿ, ನನ್ನ ಕುದುರೆಯ ರಕ್ತದಲ್ಲಿ ಏನು ಬಂತೆಂದು ಕೇಳಿದನಂತೆ. ಮೇಡಂ ಅವನಿಗೆ ನೀರು ಕೊಟ್ಟು, ಬಿಸಿಲು ಜಾಸ್ತಿ ಎಂದು ಮಾತಾಡಿ ಕಳಿಸಿದರಂತೆ. ಅವನೇ ಬಂದು ನನ್ನೆದುರು ಗೊಣಗಿದ. ಎಂಥ ನಂಬಿಕಸ್ತ ಹೆಂಗಸು ಎಂದುಕೊಂಡೆ. ಹಾಗಂದುಕೊಂಡ ಬಾಯಲ್ಲೇ ನಮ್ಮ ಆಳಿಗೆ, ಮೇಡಮ್ಮಿಗೆ ಟೀ ಪೇಪರ್ ಲೋಟದಲ್ಲಿ ಕೊಡು ಎಂದು ಹೇಳಿದ್ದೆ. ನಮ್ಮ ಲಾಯದಲ್ಲಿ ಬಂದವರಿಗೆಲ್ಲ ಸ್ಟೀಲ್ ಲೋಟ. ಮೇಡಂ ಮನೆಯವರು ಬೌದ್ಧರು. ಅದಕ್ಕೆ ಮುಂಚೆ ಊರಾಚೆಯ ಕೇರಿಯವರು. ನಾನು ಬಾಯಿ ಬಿಟ್ಟು ಏನೂ ಅನ್ನುತ್ತಿರಲಿಲ್ಲ, ಒಂದು ಕಟ್ಟು ಪೇಪರ್ ಲೋಟ ತರಿಸಿ ಇಟ್ಟಿದ್ದೆ ಅಷ್ಟೆ. ಎರಡು ಸಲ ಕುಡಿದರು. ಮೂರನೆಯ ಸಲದಿಂದ ಇನ್ನೊಂದು ಸಣ್ಣ ಫ್ಲಾಸ್ಕು ಬಂತು, ಅದರಲ್ಲಿ ಅವರದೇ ಟೀ. ನನಗೂ ಒಂದು ಮುಚ್ಚಳ ಸುರಿದು ಕೊಡಲು ಬಂದರು. ಈಗ ತಾನೆ ಕುಡಿದೆ ಎಂದೆ.

ಇನ್ನು ಸೋಮವಾರದ ವಿಷಯ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗಿರುವ ರಜೆ ಕುದುರೆಗೂ ಇರಲಿ ಎಂದು ಅಪ್ಪನ ಕಾಲದಿಂದ ಜಟಕಾದವರು ನಡೆಸಿಕೊಂಡು ಬಂದಿದ್ದರು, ಈಗ ಗಾಡಿ ಓಟದವರೂ ಬಿಟ್ಟಿಲ್ಲ. ಸ್ವಾಮಿಯ ವಾರ. ಕುದುರೆಗೆ ಮೈ ತೊಳೆದು, ಹಣೆಗೆ ವಿಭೂತಿ ಇಟ್ಟು, ಬೇಯಿಸಿದ ಹುರುಳಿಗೆ ಬೆಲ್ಲ ಕಲಸಿ ಹೊಟ್ಟೆ ಬಿರಿಯ ಹಾಕುತ್ತೇವೆ. ದಿನವಿಡೀ ಕಟ್ಟಿದ ಜಾಗದಲ್ಲೇ ನಿಂತಿರುತ್ತದೆ. ಮಂಗಳವಾರ ಬೆಳಿಗ್ಗೆ ಗಾಡಿಗೆ ಹೂಡಿದರೆ ಮೊದಲ ಮೈಲಿ ಗಾಳಿಯಂತೆ ಹೋಗುತ್ತದೆ. ಆಮೇಲೆ ಕೆಲವು ಕುದುರೆಗಳು ಹಿಡಿದುಕೊಳ್ಳುತ್ತವೆ. ಹಿಂಗಾಲು, ತೊಡೆ, ಬೆನ್ನು ಮರದಂತೆ ಬಿಗಿದು, ಬೆವರು ಸುರಿದು, ಹೆಜ್ಜೆ ಇಡಲಾರದೆ ನಿಲ್ಲುತ್ತದೆ. ಉಚ್ಚೆ ಕಾಫಿ ಕಷಾಯದ ಬಣ್ಣಕ್ಕೆ ತಿರುಗುತ್ತದೆ.

ಮೇಡಂ ಇದನ್ನು ಎಲ್ಲ ಲಾಯದಲ್ಲೂ ಹೇಳಿ ಹೇಳಿ ದಣಿದಿದ್ದರು. "ಇಂಗ್ಲಿಷಿನವರ ಕುದ್ರೆಗೆ ಭಾನುವಾರ ರಜೆ, ಅದಕ್ಕೆ ಅವರು ಇದನ್ನ ಸೋಮವಾರದ ಕಾಯಿಲೆ ಅಂದ್ರು. ನನ್ನ ಹತ್ರ ಬರೋವೆಲ್ಲ ಮಂಗಳವಾರದ ಕುದ್ರೆಗಳು. ರಜೆ ಬೇಡ ಅನ್ನಲ್ಲ ಕಣ್ರೀ. ರಜೆ ದಿನ ಹುರುಳಿ ಅರ್ಧ ಮಾಡಿ, ಹುಲ್ಲು ಜಾಸ್ತಿ ಮಾಡಿ, ಹಗ್ಗ ಹಿಡ್ಕೊಂಡು ಎರಡು ಸುತ್ತು ನಡೆಸಿ. ಎತ್ತು ಮೆಲುಕು ಹಾಕ್ಕೊಂಡು ಮಲಗ್ತದೆ. ಕುದ್ರೆ ಹಂಗಲ್ಲ."

ಯಾರೂ ಕೇಳಲಿಲ್ಲ. ಸ್ವಾಮಿಯ ದಿನ ಪ್ರಾಣಿಗೆ ಅರ್ಧ ಹೊಟ್ಟೆ ಹಾಕು ಅನ್ನುವುದು ಎಂಥ ಮಾತು ಎಂದರು. ಆಯಮ್ಮನಿಗೆ ಸೋಮವಾರ ಅಂದರೆ ಏನು ಗೊತ್ತು ಎಂದು ಅವರ ಬೆನ್ನ ಹಿಂದೆ ಆಡಿಕೊಂಡರು. ನಾನು ನಗುತ್ತ ಕೂತಿದ್ದೆ.

ಏಳು ವರ್ಷದ ಹಿಂದೆ ನಾನೊಂದು ಹೆಣ್ಣು ಕುದುರೆ ತಂದೆ. ಕಂದು ಬಣ್ಣ, ಒಂದು ಹಿಂಗಾಲಿಗೆ ಬಿಳಿ ಕಾಲ್ಚೀಲದ ಗುರುತು, ಕುಕ್ಕುಲೋಟಕ್ಕೆ ಬಿದ್ದರೆ ನೆಲ ಮುಟ್ಟುತ್ತದೋ ಇಲ್ಲವೋ ಅನ್ನುವ ಹಾಗೆ. ಇಷ್ಟು ಅಗ್ಗಕ್ಕೆ ಯಾಕೆ ಕೊಡುತ್ತಿದ್ದಾರೆ ಎಂದು ಆಗಲೇ ಕೇಳಬೇಕಿತ್ತು, ಕೇಳಲಿಲ್ಲ. ತಂದ ಮೊದಲ ಸೋಮವಾರ ಎಲ್ಲರಂತೆ ಹುರುಳಿ ಹಾಕಿಸಿದೆ. ಮಂಗಳವಾರ ಬೆಳಿಗ್ಗೆ ಓಡಿಸಿ ನೋಡಿದೆ. ಲಾಯದಿಂದ ಸ್ವಲ್ಪ ದೂರಕ್ಕೇ ಹಿಡಿದುಕೊಂಡಿತು. ಉಚ್ಚೆಯ ಬಣ್ಣವನ್ನೂ ನೋಡಿದೆ. ಮೇಡಂಗೆ ಹೇಳಿ ಕಳಿಸಲಿಲ್ಲ. ನೀರು ಕುಡಿಸಿ, ಕಂಬಳಿ ಹೊದಿಸಿ, ನಿಲ್ಲಿಸಿಕೊಂಡೆ. ಗುರುವಾರದ ಹೊತ್ತಿಗೆ ನಡೆಯಿತು, ಶನಿವಾರ ಕಣ್ಣಿಗೆ ಬೀಳುವಂಥ ದೋಷ ಏನೂ ಇರಲಿಲ್ಲ.

ಭಾನುವಾರ ಮೂಗೂರಿನಿಂದ ಮಾದೇವಣ್ಣ ಬಂದ. ಗಾಡಿ ಓಟದಲ್ಲಿ ಹೆಸರು ಮಾಡಿದವನು, ನನ್ನ ಹಳೆಯ ಗಿರಾಕಿ. ಕುದುರೆ ಅವನ ಕಣ್ಣಿಗೆ ತುಂಬಿತು. ಆದರೆ ಹುಷಾರು ಮನುಷ್ಯ, ಮೇಡಂ ಕೈಲಿ ರಕ್ತ ತೆಗೆಸಿ ರಿಪೋರ್ಟು ಸರಿ ಇದ್ದರೆ ಪೂರ್ತಿ ಹಣ ಎಂದ. ನಾನು ದಿನ ಎಣಿಸಿದೆ. ಸಿ.ಕೆ. ಇಳಿದಿರುತ್ತದೆ. ಆಗಲಿ ಮಾದೇವಣ್ಣ, ಪರೀಕ್ಷೆ ಖರ್ಚು ನಂದು ಎಂದು ದೊಡ್ಡ ಮನಸ್ಸು ತೋರಿಸಿದೆ. ಮುಂಗಡ ಕೊಟ್ಟು ಸಂಜೆಯೇ ಕುದುರೆಯನ್ನು ಟೆಂಪೋಗೆ ಏರಿಸಿಕೊಂಡು ಹೋದ.

ಸೋಮವಾರ ಬೆಳಿಗ್ಗೆ ಮೇಡಂ ಮೂಗೂರಿಗೆ ಹೋಗಿ, ಹತ್ತು ಜನರ ಎದುರಿಗೆ ರಕ್ತ ತೆಗೆದರು. ತೆಗೆದು, ತೊಡೆಯ ಸ್ನಾಯು ಒತ್ತಿ ನೋಡಿ, ರಿಪೋರ್ಟು ಬರುವವರೆಗೆ ಹೂಡಬೇಡಿ, ಹುರುಳಿ ಅರ್ಧ ಹಾಕಿ, ಸ್ವಲ್ಪ ನಡೆಸಿ ಎಂದು ಹೇಳಿ ಬಸ್ಸು ಹತ್ತಿದರು. ಮಾದೇವಣ್ಣ ನನಗೆ ಫೋನು ಮಾಡಿದ.

"ಅಣ್ಣೋ, ಮೇಡಮ್ಮು ಉಳ್ಳಿ ಅರ್ಧ ಆಕಿ ಅಂತಾರಲ್ಲ. ಸೋಮಾರ ಬ್ಯಾರೆ. ಏನ್ ಮಾಡನೆ?"

ಅರ್ಧ ಹಾಕು ಎಂದರೆ ಕುದುರೆಯಲ್ಲಿ ಏನೋ ಐಬು ಇದೆ ಎಂದು ಒಪ್ಪಿದಂತೆ. "ಆಯಮ್ಮ ಎಲ್ಲಾರ್ಗೂ ಅದ್ನೇ ಹೇಳ್ತಾರೆ ಕಣಪ್ಪ," ಎಂದೆ. "ಹೊಸ ಜಾಗಕ್ಕೆ ಬಂದದೆ, ಹೊಟ್ಟೆ ತುಂಬ ಹಾಕು, ಹೊಂದ್ಕತದೆ."

ಹಾಕಿದ. ಮಂಗಳವಾರ ಬೆಳಿಗ್ಗೆ ತಡೆಯಲಾರದೆ ಗಾಡಿಗೆ ಹೂಡಿದ. ನರಸೀಪುರದ ರಸ್ತೆಯಲ್ಲಿ ಎರಡು ಕಿಲೋಮೀಟರು ಹೋಗಿಲ್ಲ, ಹಿಡಿದುಕೊಂಡಿತು. ಅಲ್ಲೇ ಬಿಟ್ಟಿದ್ದರೂ ಉಳಿಯುತ್ತಿತ್ತೇನೋ. ನಾಲ್ಕು ಜನ ಸೇರಿ ಎಳೆದುಕೊಂಡು ಊರವರೆಗೆ ನಡೆಸಿದರು. ಒಡೆದ ಸ್ನಾಯುವಿನ ಮೇಲೆ ಎರಡು ಕಿಲೋಮೀಟರು. ಮನೆ ಮುಂದೆ ಬಿತ್ತು. ಡಾಕ್ಟರು ಬಂದು ಬಾಟಲಿಯ ಮೇಲೆ ಬಾಟಲಿ ಏರಿಸಿದರು, ಕಿಡ್ನಿ ಕೆಟ್ಟಿದೆ, ಹೊತ್ತು ಮೀರಿದೆ ಎಂದರು. ಬುಧವಾರ ಮಧ್ಯಾಹ್ನ ಸತ್ತಿತು.

ರಿಪೋರ್ಟು ಮಂಗಳವಾರವೇ ಬಂದಿತ್ತು. ಲ್ಯಾಬಿನಿಂದ ತೆಗೆದುಕೊಂಡು ಮೇಡಂ ನೇರವಾಗಿ ನನ್ನ ಲಾಯಕ್ಕೆ ಬಂದರು. ಕುದುರೆ ಬಿದ್ದ ಸುದ್ದಿ ಅವರಿಗೂ ಮುಟ್ಟಿತ್ತು. ಕೂರಲಿಲ್ಲ. ಕಾಗದ ಬಿಚ್ಚಿ ಎರಡನೆಯ ಸಾಲಿನ ಮೇಲೆ ಬೆರಳಿಟ್ಟರು. ಅದರ ಹೆಸರು ಎ.ಎಸ್.ಟಿ.

"ಮೊದಲನೇದು ಇಳಿದಿದೆ. ಇದು ಇಳಿದಿಲ್ಲ. ಆವತ್ತು ನೀವು ಫೋನಿಗೆ ಹೋದ್ರಲ್ಲ, ಆಗ ಹೇಳಿದ್ದು ಇದನ್ನೇ. ಒಂದು ಬಣ್ಣ ಮೊದಲನೇ ನೀರಲ್ಲೇ ಹೋಗಿಬಿಡ್ತದೆ. ಇದು ಹತ್ತು ಒಗೆತ ಆದ್ರೂ ಬಿಡ್ತಾನೇ ಇರ್ತದೆ, ವಾರಗಟ್ಟಲೆ." ನನ್ನ ಮುಖ ನೋಡಿದರು. "ಇದು ಮೂಗೂರಲ್ಲಿ ಬಿದ್ದ ಏಟಲ್ಲ. ಹೋದ ಮಂಗಳವಾರ ಈ ಕುದ್ರೆ ಎಲ್ಲಿತ್ತು ಯಜಮಾನ್ರೇ?"

ನಾನು ಕಾಗದದ ಕಡೆ ಕಣ್ಣು ಇಳಿಸಿದೆ. ಕೆಳಗೆ ನೀಲಿ ಪೆನ್ನಿನ ಸಾಲು ಕಾಣುತ್ತಿತ್ತು: ಸೋಮವಾರ ಬೆಳಿಗ್ಗೆ ಏಳೂ ಮುಕ್ಕಾಲು, ನಿಂತ ಕುದುರೆಯದು, ಕೆಲಸಕ್ಕೆ ಮುಂಚೆ.

"ರಿಪೋರ್ಟು ನಿಮ್ದು. ಮಾದೇವಣ್ಣಂಗೆ ನೀವೇ ತೋರಿಸಿ. ನಾನು ತೋರಿಸೋ ಹಾಗಿಲ್ಲ," ಎಂದು ಕಾಗದ ಮಡಿಸಿ ಕೊಟ್ಟು ಹೋದರು. ನಾನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

ನಮ್ಮ ವ್ಯಾಪಾರದಲ್ಲಿ ಹೀಗೆ: ಹಗ್ಗ ಕೈ ಬದಲಾದ ಮೇಲೆ ಪ್ರಾಣಿ ಸತ್ತರೆ ನಷ್ಟ ಕೊಂಡವನದು. ಮಾರಿದವನು ಐಬು ಮುಚ್ಚಿಟ್ಟಿದ್ದ ಎಂದು ತೋರಿದರೆ ಮಾತ್ರ ಮುಂಗಡ ವಾಪಸು, ನಷ್ಟವೂ ಅವನದು. ಅದಕ್ಕಿಂತ ಹೆಚ್ಚಾಗಿ ಮುಂದೆ ಅವನ ಹತ್ತಿರ ಯಾರೂ ಹಗ್ಗ ಹಿಡಿಯುವುದಿಲ್ಲ. ಗುರುವಾರ ಮಾದೇವಣ್ಣನ ಮನೆಯ ಮುಂದೆ ಹತ್ತಿಪ್ಪತ್ತು ಜನ ಸೇರಿದರು. ನನ್ನನ್ನೂ ಕರೆಸಿದರು, ಮೇಡಮ್ಮನ್ನೂ ಕರೆಸಿದರು. ಅವರು ಬರದೆ ಇರಬಹುದಾಗಿತ್ತು. ಬಂದರು, ಐಸಿನ ಫ್ಲಾಸ್ಕು ಹಿಡಿದುಕೊಂಡೇ.

ಮಾತು ಆಗಲೇ ತೀರ್ಮಾನವಾಗಿತ್ತು. ಚೆನ್ನಾಗಿದ್ದ ಕುದುರೆ, ಸೋಮವಾರ ಸೂಜಿ ಚುಚ್ಚಿದರು, ಮಂಗಳವಾರ ಬಿತ್ತು. ಒಬ್ಬ ಹಿರಿಯರು, "ಸ್ವಾಮಿ ವಾರದಲ್ಲಿ ಪ್ರಾಣಿ ರಕ್ತ ತೆಗುದ್ರೆ ಇನ್ನೇನಾದದು," ಎಂದರು. ಇನ್ನೊಬ್ಬ, ಸೂಜಿಯಲ್ಲಿ ಗಾಳಿ ಹೋಗಿದೆ ಎಂದ. ಹೆಂಗಸು ಕುತ್ತಿಗೆ ನರಕ್ಕೆ ಕೈ ಹಾಕಬಾರದಿತ್ತು ಎಂದು ಮತ್ತೊಬ್ಬ.

ಮೇಡಂ ಎಲ್ಲ ಮುಗಿಯುವವರೆಗೆ ಕಾದು, "ಸೂಜಿ ಮುಟ್ಟೋಕೆ ಮುಂಚೆನೇ ಅದರ ಮೈಯಲ್ಲಿ ಪೆಟ್ಟಿತ್ತು. ರಕ್ತದಲ್ಲಿ ಬಂದಿದೆ," ಎಂದರು.

"ಎಲ್ಲವ್ವ ಕಾಗ್ದ? ತೋರ್ಸು," ಎಂದರು ಆ ಹಿರಿಯರು.

"ಕಾಗದ ನನ್ನ ಹತ್ರ ಇಲ್ಲ. ಹಣ ಕೊಟ್ಟವರ ಹತ್ರ ಇದೆ."

ಎಲ್ಲರೂ ನನ್ನ ಕಡೆ ತಿರುಗಿದರು. ಕಾಗದ ಜೇಬಿನಲ್ಲೇ ಇತ್ತು, ಬೆವರಿಗೆ ಒದ್ದೆಯಾಗಿ ಎದೆಗೆ ಅಂಟಿಕೊಂಡಿತ್ತು. ನಾನು ಎದ್ದು ನಿಂತೆ. ಬೈಯಲಿಲ್ಲ, ಕೂಗಾಡಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದೆ.

"ಕಾಗ್ದದಲ್ಲಿ ಅಂಥಾದ್ದೇನೂ ಇಲ್ಲ," ಎಂದೆ. "ಮೇಡಮ್ಮು ಬೇಕು ಅಂತ ಮಾಡಿಲ್ಲ ಕಣ್ರಪ್ಪ. ಇಷ್ಟು ವರ್ಷದಲ್ಲಿ ಒಂದ್ ಸಲ ಕೈ ತಪ್ತು. ಬಿಟ್ಬುಡಿ, ಪಾಪ. ನಷ್ಟದಲ್ಲಿ ಅರ್ಧ ನಾನೇ ಹೊರ್ತೀನಿ."

ಜನ ತಲೆದೂಗಿದರು, ಕಾಗದವನ್ನು ಮತ್ತೆ ಯಾರೂ ಕೇಳಲಿಲ್ಲ. ಎಂಥ ನ್ಯಾಯಸ್ಥ ಎಂದು ಒಬ್ಬರು ಅಂದದ್ದೂ ಕೇಳಿಸಿತು. ಮೇಡಂ ನನ್ನನ್ನು ನೋಡಿದರು. ಕೋಪದ ನೋಟವಲ್ಲ. ಕುದುರೆಯ ಕಣ್ಣಿನ ಕೆಳಗಿನ ರೆಪ್ಪೆ ಬಿಡಿಸಿ ರಕ್ತ ಎಷ್ಟಿದೆ ಎಂದು ನೋಡುತ್ತಿದ್ದರಲ್ಲ, ಆ ನೋಟ. ಆಮೇಲೆ ಸೆರಗು ಸರಿಮಾಡಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು.

ಲ್ಯಾಬಿನಿಂದ ಇನ್ನೊಂದು ಪ್ರತಿ ತೆಗೆಸಿ ಊರೆಲ್ಲ ಹಂಚಬಹುದಿತ್ತು. ತೆಗೆಸಲಿಲ್ಲ. ನಾನು ತಿಂಗಳುಗಟ್ಟಲೆ ಹೆದರಿಕೊಂಡೇ ಇದ್ದೆ, ಅವರು ಹಾಗೆ ಮಾಡುವುದಿಲ್ಲ ಎಂದು ಗೊತ್ತಿದ್ದೂ. ಅವರ ನಿಯಮ ಅವರನ್ನೇ ಕಟ್ಟಿಹಾಕಿತು. ಮೂಗೂರಿನಲ್ಲಿ ಆಡಿದ ಮಾತು ನರಸೀಪುರಕ್ಕೆ, ಅಲ್ಲಿಂದ ಮುಡುಕುತೊರೆಯ ಕಡೆಗೆ, ಗಾಡಿ ಓಟದವರ ಬಾಯಲ್ಲಿ ಹೋಯಿತು. ಕುದುರೆ ಕೊಂದ ಮೇಡಮ್ಮು ಎಂದು. ಆ ವರ್ಷ ಕಳೆಯುವುದರೊಳಗೆ ಒಂದು ಲಾಯದವರೂ ಅವರನ್ನು ಕರೆಯದ ಹಾಗಾಯಿತು. ನಾನೂ ಕರೆಯಲಿಲ್ಲ. ಕರೆದರೆ ಜನ ಏನೆಂದುಕೊಳ್ಳುತ್ತಾರೆ?

ನಾಲ್ಕು ವರ್ಷದ ಹಿಂದೆ ನನಗೆ ಸಕ್ಕರೆ ಕಾಯಿಲೆ ಇರಬಹುದೆಂದು ಡಾಕ್ಟರು ಚೀಟಿ ಬರೆದುಕೊಟ್ಟರು. ನಂಜನಗೂಡಿನ ಒಂದು ಸಣ್ಣ ಲ್ಯಾಬಿಗೆ ಹೋದೆ. ಪರದೆ ಸರಿಸಿ ಬಂದವರು ಮೇಡಂ. ಮನುಷ್ಯರ ರಕ್ತ ತೆಗೆಯುವ ಕೆಲಸಕ್ಕೆ ಸೇರಿದ್ದರು. ನಾನು ಎದ್ದುಹೋಗಬೇಕೆನ್ನುವಷ್ಟರಲ್ಲಿ, ಕೂತ್ಕೊಳ್ಳಿ ಯಜಮಾನ್ರೇ ಎಂದರು. ತಿಂಡಿ ಆಗಿದೆಯಾ ಎಂದು ಕೇಳಿದರು, ಇಲ್ಲ ಎಂದೆ. ಎಡಗಡೆ ಬಂದು ನಿಂತು, ಒಂದು ಗಳಿಗೆ ಅಂಗೈ ನನ್ನ ತೋಳಿನ ಮೇಲೆ ಇಟ್ಟರು. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಕಾದೆ. ಸೂಜಿ ಹೋಗಿದ್ದೂ ಗೊತ್ತಾಗಲಿಲ್ಲ. ಸಂಜೆ ಹೋದಾಗ ಕಾಗದ ಕೊಟ್ಟು, ಸಕ್ಕರೆ ಇದೆ, ಊಟ ಅರ್ಧ ಮಾಡಿ, ದಿನಾ ನಡೀರಿ ಎಂದರು. ಕುದುರೆಗೆ ಹೇಳಿದ್ದನ್ನೇ ನನಗೂ ಹೇಳಿದರು. ಕಾಗದದ ಕೆಳಗೆ ನೀಲಿ ಸಾಲು ಇತ್ತು: ಬೆಳಿಗ್ಗೆ ಎಂಟೂವರೆ, ಖಾಲಿ ಹೊಟ್ಟೆ.

ಆವತ್ತಾದರೂ ಹೇಳಬಹುದಿತ್ತು. ಎಷ್ಟಾಯಿತು ಎಂದು ಕೇಳಿ, ಚೌಕಾಶಿ ಮಾಡದೆ ಕೊಟ್ಟು ಬಂದೆ. ಅಷ್ಟಕ್ಕೇ ಏನೋ ತೀರಿಸಿದೆ ಅಂದುಕೊಂಡೆ.

ಹೋದ ತಿಂಗಳು ಸುದ್ದಿ ಬಂದಾಗ ಆ ಹಳೆಯ ಕಾಗದವನ್ನು ಪೆಟ್ಟಿಗೆಯಿಂದ ತೆಗೆದು ಜೇಬಿಗೆ ಹಾಕಿಕೊಂಡು ಅವರ ಅಣ್ಣನ ಮನೆಗೆ ಹೋದೆ. ತೋರಿಸಬೇಕು ಎಂದು ಹೋದೆನೋ ಅಥವಾ ಹಾಗೆ ಅಂದುಕೊಳ್ಳಲು ಹೋದೆನೋ ಗೊತ್ತಿಲ್ಲ. ಅಲ್ಲಿ ಮಾದೇವಣ್ಣನೂ ಬಂದಿದ್ದ. ಕೂದಲು ಪೂರ್ತಿ ನರೆತಿತ್ತು. ಪಕ್ಕದಲ್ಲಿ ಕೂತವರಿಗೆ, ಒಳ್ಳೇ ಹೆಂಗಸು, ಒಂದೇ ಒಂದು ಸಲ ಕೈ ತಪ್ಪಿದ್ದು, ನಮ್ಮ ಕುದುರೆದು ಎಂದು ಹೇಳುತ್ತಿದ್ದ. ನಾನು ಏಳು ವರ್ಷದ ಹಿಂದೆ ಹೇಳಿದ್ದ ಮಾತು ಅದು, ಅರ್ಥ ಚೂರೂ ಬದಲಾಗಿರಲಿಲ್ಲ. ಮೇಡಂ ಅವರ ಅಣ್ಣ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು.

ಮಾದೇವಣ್ಣನ ಕೈಗೆ ಕಾಗದ ಕೊಟ್ಟೆ. ಎಲ್ಲರ ಎದುರಿಗೂ ಹೇಳಿದೆ. ಮೊದಲ ಮಂಗಳವಾರದ್ದು, ಸೀರೆಯ ಬಣ್ಣದ್ದು, ಹುರುಳಿ ಹೊಟ್ಟೆ ತುಂಬ ಹಾಕು ಎಂದ ಫೋನಿನದು. ಅವನು ಇಂಗ್ಲಿಷು ಬಿಟ್ಟು ಕೆಳಗಿನ ನೀಲಿ ಸಾಲನ್ನು ಮಾತ್ರ ಓದಿದ. ಬಹಳ ಹೊತ್ತು ಓದಿದ.

"ಬಸ್ಸಲ್ಲಿ ಸಿಕ್ಕುದ್ರೆ ಎದ್ದು ಇಂದ್ಗಡೆ ಓಗಿ ಕೂತ್ಕತಿದ್ದೆ ಕಣಣ್ಣ," ಎಂದ. "ಏಳು ವರ್ಸ. ಆಯಮ್ಮ ಒಂದಿನಾನೂ ಏನೂ ಅನ್ನಲಿಲ್ಲ." ಕಾಗದವನ್ನು ಮೊದಲಿದ್ದ ಹಾಗೇ ಮಡಿಸಿದ. ಅದನ್ನು ಇಟ್ಟುಕೊಳ್ಳುತ್ತಾನೆ, ಇಲ್ಲ ಮೇಡಂ ಅಣ್ಣನಿಗೆ ಕೊಡುತ್ತಾನೆ ಅಂದುಕೊಂಡೆ. ನನ್ನ ಜೇಬಿಗೇ ತುರುಕಿದ. "ನಿನ್ ದುಡ್ಡಿನ ಕಾಗ್ದ. ನೀನೇ ಮಡಿಕ್ಕೊ."

ಒಳಗಿನಿಂದ ಮೇಡಂ ಅವರ ಅತ್ತಿಗೆ ಟೀ ತಂದರು. ಎಲ್ಲರಿಗೂ ಕೊಟ್ಟಂಥದೇ ಸ್ಟೀಲ್ ಲೋಟದಲ್ಲಿ ನನಗೂ ಕೊಟ್ಟರು.

ಕುದುರೆ ಸಾಕುವವರು, ಕೊಳ್ಳುವವರು ಇದನ್ನು ಓದುತ್ತಿದ್ದರೆ ಇಷ್ಟು ಕೇಳಿ. ಸೋಮವಾರ ರಜೆ ಕೊಡಿ, ಆದರೆ ಹುರುಳಿ ಅರ್ಧ ಮಾಡಿ ಹುಲ್ಲು ಹೆಚ್ಚಿಸಿ, ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ನಡೆಸಿ. ಮಂಗಳವಾರ ಮೊದಲ ಮೈಲಿ ನಿಧಾನವಾಗಿ ಹೋಗಲಿ, ಮೈ ಬಿಸಿಯಾಗಲಿ. ಹಿಡಿದುಕೊಂಡರೆ ಒಂದು ಹೆಜ್ಜೆಯೂ ನಡೆಸಬೇಡಿ. ಇದ್ದಲ್ಲೇ ನೆರಳು ಮಾಡಿ, ನೀರು ಅಲ್ಲಿಗೇ ಒಯ್ಯಿರಿ, ಡಾಕ್ಟರನ್ನು ಅಲ್ಲಿಗೇ ಕರೆಯಿರಿ, ಉಚ್ಚೆಯ ಬಣ್ಣ ನೋಡಿ ಅವರಿಗೆ ಹೇಳಿ. ಕೊಳ್ಳುವ ಮುಂಚೆ ರಕ್ತ ನೋಡಿಸಿ, ನಿಂತಾಗ ಒಮ್ಮೆ, ಓಡಿ ಕೆಲವು ಗಂಟೆ ಕಳೆದ ಮೇಲೆ ಒಮ್ಮೆ. ಬೇಗ ಇಳಿಯುವ ಲೆಕ್ಕ ಒಂದನ್ನೇ ಕೇಳಿ ಸುಮ್ಮನಾಗಬೇಡಿ, ನಿಧಾನವಾಗಿ ಇಳಿಯುವ ಲೆಕ್ಕವನ್ನೂ ಕೇಳಿ. ಪರೀಕ್ಷೆಯ ಹಣವನ್ನು ಕೊಳ್ಳುವವರಾದ ನೀವೇ ಕೊಡಿ. ನಾನು ಕೊಡುತ್ತೇನೆ ಎಂದು ಮಾರುವವನು ಮುಂದೆ ಬಂದರೆ ಹಗ್ಗ ಕೆಳಗಿಟ್ಟು ಎದ್ದುಬನ್ನಿ.

ರಕ್ತ ತೆಗೆಯಲು ಬಂದವರಿಗೆ ಅವರು ಕೇಳಿದ ಕೂಲಿ ಕೊಡಿ. ಅವರು ಪೂರ್ತಿ ಹೇಳಿ ಮುಗಿಸುವವರೆಗೆ ಫೋನು ಎತ್ತಬೇಡಿ. ಟೀ ಕೊಡುವುದಾದರೆ ನೀವು ಕುಡಿಯುವ ಲೋಟದಲ್ಲೇ ಕೊಡಿ.